ತೊಲೆಯ ನಿಲುವು, ಗಾಳಿಯ ಹೊರೆ: ಗಣಕದ ಲೆಕ್ಕದಲ್ಲಿ ತಪ್ಪನ್ನು ಹುಡುಕುವ ಬಗೆ

ಮರದ ಅಡಿಪಟ್ಟಿಯೊಂದನ್ನು ಮೇಜಿನ ಅಂಚಿನಿಂದ ಹೊರಕ್ಕೆ ಚಾಚಿಟ್ಟು, ಒಳತುದಿಯನ್ನು ಕೈಯಿಂದ ಅದುಮಿ ಹಿಡಿದು, ಹೊರತುದಿಯನ್ನು ಬೆರಳಿನಿಂದ ಒತ್ತಿದರೆ ಅದು ಸುಲಭವಾಗಿ ಬಾಗುತ್ತದೆ. ಅದೇ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಅಷ್ಟೇ ಬಲದಿಂದ ಒತ್ತಿದರೆ ಅದು ಬಾಗಿತೆಂಬುದೇ ಕಣ್ಣಿಗೆ ಕಾಣುವುದಿಲ್ಲ. ಮರ ಅದೇ, ತೂಕ ಅದೇ, ಉದ್ದವೂ ಅದೇ. ಬದಲಾದುದು ಪಟ್ಟಿಯ ನಿಲುವು ಮಾತ್ರ. ಇಟಲಿಯ ವಿಜ್ಞಾನಿ ಗೆಲಿಲಿಯೋ 1638ರಲ್ಲಿ ಪ್ರಕಟವಾದ ಎರಡು ಹೊಸ ವಿಜ್ಞಾನಗಳನ್ನು ಕುರಿತ ತನ್ನ ಗ್ರಂಥದಲ್ಲಿ ಈ ಸಂಗತಿಯನ್ನೇ ಎತ್ತಿಕೊಂಡು, ಅಂಚಿನ ಮೇಲೆ ನಿಂತ ಪಟ್ಟಿ ಮಲಗಿದ ಪಟ್ಟಿಗಿಂತ ಹೆಚ್ಚು ಭಾರವನ್ನು ಹೊರುವುದೇಕೆಂದು ವಿವೇಚಿಸಿದನು.

ಅನಂತರದ ಗಣಿತಜ್ಞರು ಈ ವಿವೇಚನೆಯನ್ನು ಪೂರ್ಣಗೊಳಿಸಿದರು. ಆಯತಾಕಾರದ ಅಡ್ಡಕೊಯ್ತವುಳ್ಳ ತೊಲೆಯು ಬಾಗುವಿಕೆಗೆ ಒಡ್ಡುವ ಪ್ರತಿರೋಧವು ಅದರ ಅಗಲಕ್ಕೆ ನೇರ ಅನುಪಾತದಲ್ಲಿಯೂ, ಎತ್ತರದ ಘನಕ್ಕೆ ನೇರ ಅನುಪಾತದಲ್ಲಿಯೂ ಇರುತ್ತದೆ. ನಮ್ಮ ಪಟ್ಟಿ 30 ಮಿ.ಮೀ. ಅಗಲ, 3 ಮಿ.ಮೀ. ದಪ್ಪ ಇದೆಯೆನ್ನೋಣ. ಮಲಗಿಸಿದಾಗ ಈ ಪ್ರಮಾಣ 30 × 3 × 3 × 3, ಅಂದರೆ 810. ನಿಲ್ಲಿಸಿದಾಗ 3 × 30 × 30 × 30, ಅಂದರೆ 81,000. ಒಂದೇ ಪಟ್ಟಿಗೆ ಒಂದು ನಿಲುವಿನಲ್ಲಿ ಮತ್ತೊಂದಕ್ಕಿಂತ ನೂರು ಮಡಿ ಬಿಗಿ! ಈ ಗುಣವನ್ನು ಸೂಚಿಸುವ ಸಂಖ್ಯೆಯನ್ನು ಇಂಜಿನಿಯರುಗಳು ಅಡ್ಡಕೊಯ್ತದ ‘ಮೊಮೆಂಟ್ ಆಫ್ ಇನರ್ಷಿಯ’ ಎಂದು ಕರೆಯುತ್ತಾರೆ. ಈ ಲೇಖನದಲ್ಲಿ ನಾವು ಅದನ್ನು ‘ಬಾಗುಪ್ರತಿರೋಧಾಂಕ’ ಎನ್ನೋಣ.

ಇಷ್ಟು ಸರಳವಾದ ತತ್ತ್ವವನ್ನು ಯಾವ ಇಂಜಿನಿಯರನೂ ಮರೆಯಲಾರನಷ್ಟೆ. ಆದರೆ ಇಂದು ಕಟ್ಟಡದ ಲೆಕ್ಕವನ್ನು ಮಾಡುವುದು ಹೆಚ್ಚಾಗಿ ಗಣಕಯಂತ್ರ. ನಾವು ಗೆರೆ ಎಳೆಯುತ್ತೇವೆ. ಆ ಗೆರೆಯನ್ನು ತೊಲೆಯೆಂದು ತಿಳಿದು, ಅದು ಯಾವ ಮಗ್ಗುಲಿಗೆ ನಿಂತಿದೆಯೆಂಬುದನ್ನು ಯಂತ್ರ ತಾನೇ ನಿರ್ಧರಿಸಿಬಿಡುತ್ತದೆ. ಆ ನಿರ್ಧಾರ ನಮ್ಮ ಉದ್ದೇಶಕ್ಕೆ ಹೊಂದದೆ ಹೋದರೆ ಏನಾಗುತ್ತದೆ, ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಗಾಳಿಯನ್ನು ಲೆಕ್ಕಕ್ಕೆ ಹಿಡಿಯದ ಸೇತುವೆ

ಮೊದಲು ಗಾಳಿಯ ಶಕ್ತಿಯ ಬಗ್ಗೆ ಒಂದು ಮಾತು. ಸ್ಕಾಟ್ಲೆಂಡಿನ ಡಂಡೀ ನಗರದ ಬಳಿ ಟೇ ನದಿಯ ಅಗಲವಾದ ಅಳಿವೆಗೆ ಅಡ್ಡಲಾಗಿ ಕಟ್ಟಿದ್ದ ರೈಲುಸೇತುವೆಯ ನಡುಭಾಗವು 1879ರ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸಿಕ್ಕಿ ಕುಸಿಯಿತು. ಅದರ ಮೇಲೆ ಸಾಗುತ್ತಿದ್ದ ರೈಲು ನೀರಿಗೆ ಬಿತ್ತು. ಅದರಲ್ಲಿದ್ದವರಲ್ಲಿ ಒಬ್ಬರೂ ಬದುಕಿ ಬರಲಿಲ್ಲ. ವಿಚಾರಣೆ ನಡೆದಾಗ, ಸೇತುವೆಯ ನಿರ್ಮಾಪಕನಾದ ತಾಮಸ್ ಬೌಚ್ ಗಾಳಿಯ ಒತ್ತಡಕ್ಕೆಂದು ಪ್ರತ್ಯೇಕವಾಗಿ ಏನನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲವೆಂಬುದು ಹೊರಬಿತ್ತು. ಎರಕದ ದೋಷಗಳೂ ಉಸ್ತುವಾರಿಯ ಕೊರತೆಯೂ ಅದಕ್ಕೆ ಕೂಡಿಕೊಂಡಿದ್ದವು. 1890ರಲ್ಲಿ ಪೂರ್ಣಗೊಂಡ ಫೋರ್ತ್ ಸೇತುವೆಯನ್ನು ಫೌಲರ್ ಮತ್ತು ಬೇಕರ್ ಎಂಬ ಇಂಜಿನಿಯರುಗಳು ಚದರ ಅಡಿಗೆ 56 ಪೌಂಡು ಗಾಳಿಯೊತ್ತಡವನ್ನು ಎಣಿಸಿ ರಚಿಸಿದರು. ಅದು ಇಂದಿಗೂ ರೈಲುಗಳನ್ನು ಹೊರುತ್ತಿದೆ.

ಗಾಳಿಯೊತ್ತಡವನ್ನು ಇಂದು ನಾವು ಹೀಗೆ ಲೆಕ್ಕ ಹಾಕುತ್ತೇವೆ: ಗಾಳಿಯ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ತೆಗೆದುಕೊಂಡು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂದು ಒತ್ತಡ ದೊರೆಯುತ್ತದೆ. ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.2 ಕಿಲೋಗ್ರಾಂ, ಅದರ ಅರ್ಧವೇ ಈ 0.6. ಭಾರತೀಯ ಮಾನಕ ಸಂಸ್ಥೆಯ ಐಎಸ್ 875, ಮೂರನೆಯ ಭಾಗ, ದೇಶದ ಊರುಗಳಿಗೆ ಮೂಲವೇಗಗಳನ್ನು ಕೊಡುತ್ತದೆ. ಬೆಂಗಳೂರಿಗೆ ಅದು ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39, ಚೆನ್ನೈಗೆ 50. ವೇಗ ವರ್ಗವಾಗುವುದರಿಂದ ಅಲ್ಪ ವ್ಯತ್ಯಾಸವೂ ಬಹಳವಾಗಿ ಬೆಳೆಯುತ್ತದೆ: ಬೆಂಗಳೂರಿನಲ್ಲಿ ಚದರ ಮೀಟರಿಗೆ 653 ನ್ಯೂಟನ್ ಆದರೆ ಮಂಗಳೂರಿನಲ್ಲಿ 913, ಚೆನ್ನೈಯಲ್ಲಿ 1,500. ನೆಲದ ಏರಿಳಿತ, ಕಟ್ಟಡದ ಎತ್ತರ, ಆಯುಷ್ಯ ಮುಂತಾದವುಗಳಿಗೆ ಸಂಬಂಧಿಸಿದ ಗುಣಕಗಳು ಬೇರೆ ಇವೆ. ಪಾಠ ಸರಳವಾಗಲೆಂದು ನಾವು ಅವನ್ನೆಲ್ಲ 1 ಎಂದೇ ಭಾವಿಸೋಣ.

ಪ್ರಾಚಲಗಳಿಂದ ಕಟ್ಟಿದ ಕಟ್ಟಡ

ಗಣಿತದಲ್ಲಿ ‘ಪ್ರಾಚಲ’ ಅಥವಾ ಪ್ಯಾರಾಮೀಟರ್ ಎಂಬ ಮಾತು ವಿದ್ಯಾರ್ಥಿಗಳಿಗೆ ಪರಿಚಿತವೇ. ಕಟ್ಟಡದ ಉದ್ದ, ಅಗಲ, ಕಂಬಗಳ ಅಂತರ, ಚಾವಣಿಯ ಇಳಿಜಾರು ಇವುಗಳನ್ನು ಪ್ರಾಚಲಗಳೆಂದು ಇಟ್ಟುಕೊಂಡು, ಉಳಿದುದನ್ನೆಲ್ಲ ಅವುಗಳಿಂದಲೇ ಹೊರಡಿಸುವುದು ಪ್ರಾಚಲ ವಿನ್ಯಾಸದ ಕ್ರಮ. ರೈನೋಸೆರಸ್ ಎಂಬ ಚಿತ್ರಣ ತಂತ್ರಾಂಶದೊಳಗೆ ಕೆಲಸ ಮಾಡುವ ಗ್ರಾಸ್‌ಹಾಪರ್ ಇಂತಹ ಸಾಧನ. ಅದರೊಡನೆ ಕೂಡಿಕೊಂಡು ಕಟ್ಟಡದ ಬಲಾಬಲವನ್ನು ಲೆಕ್ಕ ಹಾಕುವ ಕರಂಬ ಎಂಬ ತಂತ್ರಾಂಶವು ಆಸ್ಟ್ರಿಯದ ವಿಯೆನ್ನಾ ನಗರದಲ್ಲಿ ರೂಪುಗೊಂಡಿತು. ಒಂದು ಗುಂಡಿಯನ್ನು ಅತ್ತಿತ್ತ ಸರಿಸಿದರೆ ಸಾಕು, ಕಟ್ಟಡದ ಆಕಾರ ಬದಲಾಗಿ, ತೊಲೆಗಳ ಬಾಗುವಿಕೆ ಕ್ಷಣದಲ್ಲಿ ತೆರೆಯ ಮೇಲೆ ಮೂಡುತ್ತದೆ.

ಈ ಸೌಕರ್ಯಕ್ಕೆ ಒಂದು ಬೆಲೆಯಿದೆ. ಕಾಗದದ ಮೇಲೆ ಒಂದು ಕಂಬವನ್ನು ಬರೆಯುವವನು ಅದರ ಮಗ್ಗುಲನ್ನೂ ಬರೆಯುತ್ತಾನೆ. ಪ್ರಾಚಲ ವಿನ್ಯಾಸದಲ್ಲಿ ನೂರು ಕಂಬಗಳು ಒಂದೇ ಸೂತ್ರದಿಂದ ಹುಟ್ಟುತ್ತವೆ. ಸೂತ್ರದಲ್ಲಿ ಮಗ್ಗುಲಿನ ಮಾತು ಇಲ್ಲದಿದ್ದರೆ ತಂತ್ರಾಂಶವು ತನ್ನ ರೂಢಿಯ ನಿಯಮದಂತೆ ನಡೆಯುತ್ತದೆ. ಆದುದರಿಂದ ಆ ನಿಯಮವೇನೆಂದು ಅರಿಯುವುದು ಅಗತ್ಯ.

ತೊಲೆಗೆ ತನ್ನದೇ ಆದ ಮೂರು ಅಕ್ಷಗಳು

ಇಡೀ ಕಟ್ಟಡಕ್ಕೆ ಎಕ್ಸ್, ವೈ, ಝಡ್ ಎಂಬ ಮೂರು ಸಾರ್ವತ್ರಿಕ ಅಕ್ಷಗಳಿರುತ್ತವೆ, ಝಡ್ ಮೇಲ್ಮುಖವಾದುದು. ಇವಲ್ಲದೆ ಪ್ರತಿಯೊಂದು ತೊಲೆಗೂ ಮೂರು ಸ್ವಂತ ಅಕ್ಷಗಳಿರುತ್ತವೆ. ಕರಂಬದ ರೂಢಿಯಂತೆ, ತೊಲೆಯ ಆರಂಭಬಿಂದುವಿನಿಂದ ಅಂತ್ಯಬಿಂದುವಿನ ಕಡೆಗೆ ಸ್ವಂತ ಎಕ್ಸ್ ಅಕ್ಷ. ಅದಕ್ಕೆ ಲಂಬವಾಗಿ, ನೆಲಕ್ಕೆ ಸಮಾಂತರವಾಗಿ ಸ್ವಂತ ವೈ ಅಕ್ಷ. ಉಳಿದುದು ಸ್ವಂತ ಝಡ್. ಅದನ್ನು ಮೇಲ್ಮುಖವಾಗಿ ಆರಿಸಿಕೊಳ್ಳಲಾಗುತ್ತದೆ. ತೊಲೆಯ ಅಡ್ಡಕೊಯ್ತದ ಎತ್ತರವು ಈ ಸ್ವಂತ ಝಡ್ ಅಕ್ಷದಗುಂಟ ನಿಲ್ಲುತ್ತದೆ. ಅಡ್ಡ ತೊಲೆಗಳಿಗೆ ಇದು ಸರಿಯಾಗಿಯೇ ಇದೆ: ಭಾರವು ಕೆಳಕ್ಕೆ ಎಳೆಯುವಾಗ ತೊಲೆ ಅಂಚಿನ ಮೇಲೆ ನಿಂತಿರುತ್ತದೆ.

ನೆಟ್ಟಗೆ ನಿಂತ ಕಂಬಕ್ಕೆ ಈ ನಿಯಮ ಸಾಲದು; ಏಕೆಂದರೆ ಕಂಬಕ್ಕೆ ಲಂಬವಾಗಿ ನೆಲಕ್ಕೆ ಸಮಾಂತರವಾದ ಗೆರೆಗಳು ಅಸಂಖ್ಯಾತ. ಅಲ್ಲಿ ಸ್ವಂತ ವೈ ಅಕ್ಷವನ್ನು ಸಾರ್ವತ್ರಿಕ ವೈ ಅಕ್ಷಕ್ಕೆ ಸಮಾಂತರವೆಂದು ಗೊತ್ತುಮಾಡಲಾಗಿದೆ. ಇದರ ಪರಿಣಾಮವೇನು? ಕಂಬದ ಅಡ್ಡಕೊಯ್ತದ ಎತ್ತರವು ಸಾರ್ವತ್ರಿಕ ಎಕ್ಸ್ ದಿಕ್ಕಿಗೆ ಬೀಳುತ್ತದೆ. ಎಕ್ಸ್ ದಿಕ್ಕಿನಲ್ಲಿ ಬೀಸುವ ಗಾಳಿಗೆ ಕಂಬ ಬಲಿಷ್ಠ, ವೈ ದಿಕ್ಕಿನಲ್ಲಿ ಬೀಸುವ ಗಾಳಿಗೆ ದುರ್ಬಲ. ಕಟ್ಟಡದ ಉದ್ದಗೋಡೆಯನ್ನು ವೈ ಅಕ್ಷದ ಉದ್ದಕ್ಕೂ ಬರೆದವನು ಅದೃಷ್ಟದಿಂದ ಪಾರಾಗುತ್ತಾನೆ. ಎಕ್ಸ್ ಅಕ್ಷದ ಉದ್ದಕ್ಕೂ ಬರೆದವನ ಕಂಬಗಳೆಲ್ಲ ತಪ್ಪು ಮಗ್ಗುಲಿಗೆ ನಿಲ್ಲುತ್ತವೆ. ಕಟ್ಟಡವನ್ನು ನಕ್ಷೆಯಲ್ಲಿ 30 ಅಂಶ ತಿರುಗಿಸಿದರೆ ಗೋಡೆಗಳು ತಿರುಗುತ್ತವೆ, ಕಂಬಗಳ ಮಗ್ಗುಲು ಮಾತ್ರ ಹಳೆಯ ದಿಕ್ಕಿನಲ್ಲೇ ಉಳಿಯುತ್ತದೆ.

ಇನ್ನೂ ಸೂಕ್ಷ್ಮವಾದುದು ಓರೆಯಾದ ಕಂಬದ ವಿಷಯ. ಕಂಬವು ಎಕ್ಸ್ ದಿಕ್ಕಿಗೆ ಕೂದಲೆಳೆಯಷ್ಟು ವಾಲಿದರೆ ಏನೂ ಬದಲಾಗುವುದಿಲ್ಲ. ಅಷ್ಟೇ ಅಲ್ಪವಾಗಿ ವೈ ದಿಕ್ಕಿಗೆ ವಾಲಿದರೆ, ನೆಲಕ್ಕೆ ಸಮಾಂತರವಾಗಿಯೂ ಕಂಬಕ್ಕೆ ಲಂಬವಾಗಿಯೂ ಇರುವ ಗೆರೆ ಈಗ ಎಕ್ಸ್ ದಿಕ್ಕಿನದಾಗುತ್ತದೆ. ಕಂಬದ ಅಡ್ಡಕೊಯ್ತ ಒಮ್ಮೆಗೇ 90 ಅಂಶ ತಿರುಗಿಬಿಡುತ್ತದೆ! ಪ್ರಾಚಲದ ಗುಂಡಿಯನ್ನು ಸ್ವಲ್ಪ ಸರಿಸಿದೊಡನೆ ಬಾಗುವಿಕೆ ಹತ್ತಾರು ಮಡಿ ಜಿಗಿದರೆ, ಕಾರಣ ಅನೇಕ ವೇಳೆ ಇದೇ ಆಗಿರುತ್ತದೆ. ಗೆರೆಯ ಆರಂಭ ಮತ್ತು ಅಂತ್ಯಗಳು ಅದಲುಬದಲಾದರೂ ತೊಂದರೆಯುಂಟು. ಆಗ ಸ್ವಂತ ವೈ ಅಕ್ಷ ಎದುರುದಿಕ್ಕಿಗೆ ತಿರುಗುತ್ತದೆ. ಐ ಆಕಾರದ ತೊಲೆಗೆ ಇದು ಬಾಧಕವಲ್ಲ. ಒಂದೇ ಕಡೆ ತೆರೆದಿರುವ ಚಾನೆಲ್ ತೊಲೆಯಾದರೆ ಅದರ ಬಾಯಿ ಮತ್ತೊಂದು ಕಡೆಗೆ ತೆರೆದುಕೊಳ್ಳುತ್ತದೆ.

ಒಂದು ಲೆಕ್ಕ

ಮಾತಿಗಿಂತ ಲೆಕ್ಕ ಹೆಚ್ಚು ಸ್ಪಷ್ಟ. ಮಂಗಳೂರಿನ ಬಯಲಿನಲ್ಲಿ 18 ಮೀಟರ್ ಉದ್ದ, 12 ಮೀಟರ್ ಅಗಲ, 5 ಮೀಟರ್ ಎತ್ತರದ, ಸಮತಟ್ಟಾದ ತಗಡಿನ ಚಾವಣಿಯ ಒಂದು ಶೆಡ್ಡನ್ನು ಕಲ್ಪಿಸಿಕೊಳ್ಳೋಣ. ಉದ್ದಗೋಡೆಯಲ್ಲಿ 3 ಮೀಟರಿಗೊಂದರಂತೆ ಕಂಬಗಳಿವೆ. ಇಂತಹ ಪ್ರಮಾಣದ ಕಟ್ಟಡದ ಉದ್ದಗೋಡೆಗೆ ಗಾಳಿ ನೇರವಾಗಿ ಬೀಸಿದಾಗ, ಎದುರುಗೋಡೆಯ ಮೇಲೆ ಮೂಲ ಒತ್ತಡದ 0.7 ಭಾಗ ಒತ್ತುತ್ತದೆಂದೂ, ಹಿಂಗೋಡೆಯ ಮೇಲೆ 0.2 ಭಾಗ ಹೊರಕ್ಕೆ ಹೀರುತ್ತದೆಂದೂ ಮಾನಕ ಹೇಳುತ್ತದೆ.

ನಡುವಣ ಒಂದು ಕಂಬಕ್ಕೆ ಬರುವ ಹೊರೆ 0.7 × 913 × 3, ಅಂದರೆ ಮೀಟರ್ ಎತ್ತರಕ್ಕೆ ಸುಮಾರು 1,917 ನ್ಯೂಟನ್. ಕಂಬದ ಬುಡ ಭದ್ರವಾಗಿದೆ, ತಲೆಗೆ ಯಾವ ಆಸರೆಯೂ ಇಲ್ಲ ಎಂದು ಭಾವಿಸಿದರೆ, ಬುಡದಲ್ಲಿ ಬಾಗಿಸುವ ಮಹತ್ವ ಸುಮಾರು 24 ಕಿಲೋನ್ಯೂಟನ್ ಮೀಟರ್. ಕಂಬಕ್ಕೆ ಐಎಸ್‌ಎಂಬಿ 300 ಎಂಬ ಭಾರತೀಯ ಮಾನಕದ ಉಕ್ಕಿನ ತೊಲೆಯನ್ನು ಆರಿಸೋಣ. ಅದರ ಎತ್ತರ 300 ಮಿ.ಮೀ., ಅಗಲ 140 ಮಿ.ಮೀ. ಬಲಿಷ್ಠ ನಿಲುವಿನಲ್ಲಿ ಅದರ ಬಾಗುಪ್ರತಿರೋಧಾಂಕ ಸುಮಾರು 8,604. ದುರ್ಬಲ ನಿಲುವಿನಲ್ಲಿ 454 ಮಾತ್ರ. ಇವುಗಳ ಮಾನ ಸೆಂಟಿಮೀಟರಿನ ನಾಲ್ಕನೆಯ ಘಾತ. ಹತ್ತೊಂಬತ್ತು ಮಡಿಯ ವ್ಯತ್ಯಾಸ!

ಸರಿಯಾದ ಮಗ್ಗುಲಿಗೆ ನಿಂತಾಗ ಕಂಬದ ತಲೆ ಸುಮಾರು 9 ಮಿ.ಮೀ. ವಾಲುತ್ತದೆ, ಉಕ್ಕಿನಲ್ಲಿ ಉಂಟಾಗುವ ಪೀಡನ ಚದರ ಮಿ.ಮೀ.ಗೆ 42 ನ್ಯೂಟನ್. ತಪ್ಪು ಮಗ್ಗುಲಿಗೆ ನಿಂತಾಗ ತಲೆ 165 ಮಿ.ಮೀ. ವಾಲುತ್ತದೆ, ಪೀಡನ 370ಕ್ಕೆ ಏರುತ್ತದೆ. ಸಾಮಾನ್ಯ ಕಟ್ಟಡದ ಉಕ್ಕು 250ರ ಹೊತ್ತಿಗೇ ಮಣಿದು, ಮತ್ತೆ ನೆಟ್ಟಗಾಗದಂತೆ ಬಾಗುತ್ತದೆ. ಅಂದರೆ ಒಂದು ನಿಲುವಿನಲ್ಲಿ ಬೇಕಾದುದಕ್ಕಿಂತ ಐದಾರು ಮಡಿ ಬಲವಾದ ಕಂಬ, ಇನ್ನೊಂದು ನಿಲುವಿನಲ್ಲಿ ಮುರಿಯುವ ಕಂಬ. ಉಕ್ಕು ಎಷ್ಟು ಬೇಕಾದರೂ ಬಾಗಬಲ್ಲದೆಂಬ ಸರಳ ಊಹೆಯ ಮೇಲೆ ನಡೆಯುವ ಗಣನೆಯಲ್ಲಿ ಯಂತ್ರ ಎಲ್ಲಿಯೂ ತಡೆಯದೆ 165 ಎಂದು ತೋರಿಸಿ ಸುಮ್ಮನಾಗುತ್ತದೆ. ಅದನ್ನು ಓದಿ ಬೆಚ್ಚುವುದು ನಮ್ಮ ಕೆಲಸ.

ಈ ತಪ್ಪಿಗೆ ಪರಿಹಾರ ಕಷ್ಟವಲ್ಲ. ಕಂಬದ ಮಗ್ಗುಲನ್ನು ರೂಢಿಗೆ ಬಿಡದೆ, ಗೋಡೆಗೆ ಲಂಬವಾದ ಒಂದು ಸದಿಶವನ್ನು ನಾವೇ ಕೊಟ್ಟು, ‘ಅಡ್ಡಕೊಯ್ತದ ಎತ್ತರ ಈ ದಿಕ್ಕಿಗೆ ನಿಲ್ಲಲಿ’ ಎಂದು ತಂತ್ರಾಂಶಕ್ಕೆ ವಿಧಿಸಬೇಕು. ಆ ಸದಿಶವನ್ನು ಕೈಯಿಂದ ಬರೆಯದೆ ಗೋಡೆಯ ಪ್ರಾಚಲಗಳಿಂದಲೇ ಹೊರಡಿಸಬೇಕು; ಆಗ ಕಟ್ಟಡ ತಿರುಗಿದಾಗ ಕಂಬವೂ ಜೊತೆಗೆ ತಿರುಗುತ್ತದೆ. ಒಂದು ದಿಕ್ಕಿಗೆ ಬಲಿಷ್ಠವಾದ ಕಂಬ ಇನ್ನೊಂದು ದಿಕ್ಕಿಗೆ ದುರ್ಬಲವೇ ಎಂಬುದನ್ನೂ ಮರೆಯಬಾರದು. ಗಿಡ್ಡಗೋಡೆಗೆ ಬೀಸುವ ಗಾಳಿಯನ್ನು ತಡೆಯಲು ಕಂಬಗಳ ನಡುವೆ ಓರೆ ಕಟ್ಟುಗಳನ್ನು ಕೊಡುವುದು ಇದಕ್ಕಾಗಿಯೇ.

ಗಾಳಿಯ ದಿಕ್ಕು ಮತ್ತು ಗೋಡೆಯ ಮುಖ

ತೊಲೆಗೆ ಮಗ್ಗುಲಿದ್ದಂತೆ ಗೋಡೆಗೆ ಮುಖವಿದೆ. ಗಣಕದಲ್ಲಿ ಗೋಡೆಯನ್ನು ಸಣ್ಣ ಸಣ್ಣ ತ್ರಿಕೋನಗಳ ಅಥವಾ ಚತುಷ್ಕೋನಗಳ ಜಾಲವಾಗಿ ಬರೆಯುತ್ತಾರೆ. ಪ್ರತಿ ತುಂಡಿಗೂ ಒಂದು ಅಭಿಲಂಬ, ಅಂದರೆ ಅದಕ್ಕೆ ಲಂಬವಾದ ಬಾಣ ಇರುತ್ತದೆ. ಮೂಲೆಗಳನ್ನು ಯಾವ ಸರದಿಯಲ್ಲಿ ಹೆಸರಿಸಿದ್ದೇವೆಂಬುದು ಬಾಣದ ದಿಕ್ಕನ್ನು ನಿಶ್ಚಯಿಸುತ್ತದೆ. ಹೊರಗಿನಿಂದ ನೋಡುವವನಿಗೆ ಮೂಲೆಗಳು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಿದರೆ ಬಾಣ ಹೊರಮುಖ, ಇಲ್ಲವಾದರೆ ಒಳಮುಖ. ಗಾಳಿಯ ಒತ್ತಡವನ್ನು ಈ ಬಾಣವನ್ನು ಅನುಸರಿಸಿ ಹೇರುವುದರಿಂದ, ಬಾಣ ತಿರುಗಿದರೆ ಒತ್ತಡ ಹೀರಿಕೆಯಾಗುತ್ತದೆ, ಹೀರಿಕೆ ಒತ್ತಡವಾಗುತ್ತದೆ.

ನಮ್ಮ ಶೆಡ್ಡಿನಲ್ಲಿ ಎದುರುಗೋಡೆಯ ವಿಸ್ತೀರ್ಣ 90 ಚದರ ಮೀಟರ್. ಅದರ ಮೇಲಿನ ಒತ್ತು 57.5 ಕಿಲೋನ್ಯೂಟನ್; ಹಿಂಗೋಡೆಯ ಹೀರಿಕೆ 16.4. ಇವೆರಡೂ ಒಂದೇ ದಿಕ್ಕಿಗೆ ಎಳೆಯುವುದರಿಂದ ಮೊತ್ತ ಸುಮಾರು 74 ಕಿಲೋನ್ಯೂಟನ್, ಏಳೂವರೆ ಟನ್ನಿನ ಭಾರಕ್ಕೆ ಸಮ. ಹಿಂಗೋಡೆಯ ಬಾಣ ತಿರುಗಿದ್ದರೆ ಇವು ಒಂದನ್ನೊಂದು ಕಳೆದು 41 ಮಾತ್ರ ಉಳಿಯುತ್ತದೆ. ಚಿತ್ರದಲ್ಲಿ ಎಲ್ಲವೂ ಸರಿಯಾಗಿಯೇ ತೋರುತ್ತಿರುತ್ತದೆ.

ಚಾವಣಿಯಲ್ಲಿ ಇದೇ ತಪ್ಪು ಇನ್ನೂ ಘೋರವಾದುದು. ಗಾಳಿ ಸಮತಟ್ಟಾದ ಚಾವಣಿಯನ್ನು ಒತ್ತುವುದಿಲ್ಲ, ಮೇಲಕ್ಕೆ ಹೀರುತ್ತದೆ: ಗಾಳಿಯ ಕಡೆಯ ಅರ್ಧಭಾಗವನ್ನು 0.8ರಷ್ಟು, ಹಿಂದಿನ ಅರ್ಧಭಾಗವನ್ನು 0.4ರಷ್ಟು. ಒಟ್ಟು ಮೇಲೆಳೆತ ಸುಮಾರು 118 ಕಿಲೋನ್ಯೂಟನ್. ತಗಡು ಮತ್ತು ಅದರ ಆಧಾರಗಳ ತೂಕ ಚದರ ಮೀಟರಿಗೆ 0.15 ಕಿಲೋನ್ಯೂಟನ್ ಎಂದು ಹಿಡಿದರೆ, 216 ಚದರ ಮೀಟರಿಗೆ 32 ಮಾತ್ರ. ಉಳಿದ 86 ಕಿಲೋನ್ಯೂಟನ್ ಬಲವು ಚಾವಣಿಯನ್ನು ಕಿತ್ತೊಯ್ಯಲು ಹವಣಿಸುತ್ತದೆ. ಬಾಗಿಲು ತೆರೆದಿದ್ದು ಗಾಳಿ ಒಳನುಗ್ಗಿದರೆ ಒಳಗಿನ ಒತ್ತಡವೂ ಇದಕ್ಕೆ ಸೇರುತ್ತದೆ. ಬಾಣ ತಿರುಗಿದ್ದರೆ ಯಂತ್ರವು 118 ಮತ್ತು 32 ಕೂಡಿಸಿ, 150 ಕಿಲೋನ್ಯೂಟನ್ ಕೆಳಕ್ಕೆ ಒತ್ತುತ್ತದೆಂದು ಹೇಳುತ್ತದೆ. ವಿನ್ಯಾಸಕನು ತೊಲೆಯನ್ನು ದಪ್ಪ ಮಾಡಿ ನಿಶ್ಚಿಂತನಾಗುತ್ತಾನೆ. ಚಾವಣಿಯನ್ನು ಹಿಡಿದಿಡಬೇಕಾದ ಬೋಲ್ಟುಗಳ ನೆನಪೇ ಅವನಿಗೆ ಬರುವುದಿಲ್ಲ.

ಇಳಿಜಾರು ಚಾವಣಿಯಲ್ಲಿ ಹೊರೆಗಳ ಜಾತಿಯನ್ನೂ ಬೇರ್ಪಡಿಸಬೇಕು. ಹಂಚಿನ ತೂಕ ನೇರ ಕೆಳಕ್ಕೆ, ಚಾವಣಿಯ ನಿಜವಾದ ವಿಸ್ತೀರ್ಣಕ್ಕೆ ತಕ್ಕಂತೆ ಬೀಳುತ್ತದೆ. ಹಿಮವೂ ನೇರ ಕೆಳಕ್ಕೇ, ಆದರೆ ಚಾವಣಿ ನೆಲದ ಮೇಲೆ ಬೀಳಿಸುವ ನಡುಹಗಲ ನೆರಳಿನಷ್ಟು ವಿಸ್ತೀರ್ಣಕ್ಕೆ ಮಾತ್ರ. 30 ಅಂಶದ ಇಳಿಜಾರಿನಲ್ಲಿ ಇದು ನಿಜ ವಿಸ್ತೀರ್ಣದ 0.866 ಭಾಗ. ಗಾಳಿಯಾದರೋ ಎಲ್ಲೆಡೆ ಮೇಲ್ಮೈಗೆ ಲಂಬವಾಗಿಯೇ ವರ್ತಿಸುತ್ತದೆ. ತಂತ್ರಾಂಶ ಈ ಮೂರು ಆಯ್ಕೆಗಳನ್ನೂ ಕೊಡುತ್ತದೆ. ಗಾಳಿಗೆ ಹಂಚಿನ ಆಯ್ಕೆಯನ್ನು ಕೊಟ್ಟರೆ ಚಾವಣಿಯನ್ನು ಪಕ್ಕಕ್ಕೆ ತಳ್ಳುವ ಅಂಶ ಲೆಕ್ಕದಿಂದ ಮಾಯವಾಗುತ್ತದೆ.

ಜಾಲದ ಮೇಲಿನ ಹೊರೆಯನ್ನು ಕಂಬದ ಉದ್ದಕ್ಕೂ ಹಂಚಬಹುದು, ಅಥವಾ ಕಂಬದ ಎರಡು ತುದಿಗಳಿಗೆ ಮಾತ್ರ ಹಂಚಬಹುದು. ಮೇಲಿನ ಕಂಬದಲ್ಲಿ ಅರ್ಧ ಹೊರೆಯನ್ನು ತಲೆಗೂ ಅರ್ಧವನ್ನು ಬುಡಕ್ಕೂ ಕೊಟ್ಟರೆ ಬುಡದ ಬಾಗುಮಹತ್ವ ಅಷ್ಟೇ ಇದ್ದರೂ, ವಾಲುವಿಕೆ 9ರ ಬದಲು ಸುಮಾರು 12 ಮಿ.ಮೀ. ಎಂದು ಬರುತ್ತದೆ. ತಲೆಗೂ ಬುಡಕ್ಕೂ ಆಸರೆಯಿರುವ ಕಂಬವಾದರಂತೂ ಹೊರೆಯೆಲ್ಲ ನೇರವಾಗಿ ಆಸರೆಗಳಿಗೆ ಸೇರಿ, ಕಂಬ ಬಾಗುವುದೇ ಇಲ್ಲವೆಂದು ಯಂತ್ರ ಉತ್ತರಿಸುತ್ತದೆ.

ತಪ್ಪನ್ನು ಹುಡುಕುವ ಕ್ರಮ

ಹೀಗಿರುವಾಗ ಉತ್ತರ ಬಂದೊಡನೆ ನಂಬದೆ, ಈ ಕೆಳಗಿನ ಕ್ರಮದಲ್ಲಿ ಪರೀಕ್ಷಿಸುವುದು ಒಳ್ಳೆಯದು.

ಮೊದಲನೆಯದಾಗಿ, ತೊಲೆಗಳನ್ನು ಬರಿಯ ಗೆರೆಗಳಾಗಿ ನೋಡದೆ ಅಡ್ಡಕೊಯ್ತ ಸಹಿತವಾಗಿ ಚಿತ್ರಿಸಿ, ಸ್ವಂತ ಅಕ್ಷಗಳನ್ನೂ ಜಾಲದ ಅಭಿಲಂಬಗಳನ್ನೂ ತೆರೆಯ ಮೇಲೆ ತರಿಸಿ ಕಣ್ಣಾರೆ ನೋಡಬೇಕು. ಬಹುಪಾಲು ತಪ್ಪುಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ.

ಎರಡನೆಯದಾಗಿ, ಆಸರೆಗಳ ಪ್ರತಿಕ್ರಿಯೆಗಳನ್ನು ಕೂಡಿಸಬೇಕು. ನ್ಯೂಟನ್ನನ ನಿಯಮದಂತೆ ಹೊರೆಯ ಮೊತ್ತವೂ ಪ್ರತಿಕ್ರಿಯೆಯ ಮೊತ್ತವೂ ಸಮವಾಗಿರಲೇಬೇಕು. ಕಾಗದದ ಮೇಲೆ 74 ಬಂದು ಯಂತ್ರದಲ್ಲಿ 41 ಬಂದರೆ ಒಂದು ಗೋಡೆಯ ಮುಖ ತಿರುಗಿದೆ. ಹತ್ತು ಲಕ್ಷ ಮಡಿ ಹೆಚ್ಚಾಗಿ ಬಂದರೆ ಮಿಲಿಮೀಟರಿನಲ್ಲಿ ಬರೆದ ಚಿತ್ರವನ್ನು ಯಂತ್ರ ಮೀಟರೆಂದು ಓದಿದೆ.

ಮೂರನೆಯದಾಗಿ, ಒಂದೇ ಕಂಬವನ್ನು ಬೇರ್ಪಡಿಸಿ ಅದರ ಬಾಗುವಿಕೆಯನ್ನು ಕೈಯಿಂದ ಲೆಕ್ಕ ಹಾಕಬೇಕು. ಹೊರೆಯ ಮೊತ್ತ ಸರಿಯಿದ್ದೂ ಹಂಚಿಕೆ ತಪ್ಪಿದ್ದರೆ, ಅಥವಾ ಮಗ್ಗುಲು ತಪ್ಪಿದ್ದರೆ, ಎರಡನೆಯ ಪರೀಕ್ಷೆ ಅದನ್ನು ಹಿಡಿಯದು. ಈ ಪರೀಕ್ಷೆ ಹಿಡಿಯುತ್ತದೆ.

ನಾಲ್ಕನೆಯದಾಗಿ, ಕಟ್ಟಡವನ್ನೂ ಗಾಳಿಯನ್ನೂ ಒಟ್ಟಿಗೆ 90 ಅಂಶ ತಿರುಗಿಸಿ ಮತ್ತೆ ಲೆಕ್ಕ ಮಾಡಿಸಬೇಕು. ಪ್ರಕೃತಿಗೆ ನಮ್ಮ ಎಕ್ಸ್, ವೈಗಳ ಅರಿವಿಲ್ಲ. ಆದುದರಿಂದ ಉತ್ತರ ಬದಲಾಗಕೂಡದು. ಬದಲಾದರೆ ಯಾವುದೋ ಒಂದು ಅಂಶ ಸಾರ್ವತ್ರಿಕ ಅಕ್ಷಗಳಿಗೆ ಅಂಟಿಕೊಂಡು ಕುಳಿತಿದೆ ಎಂದೇ ಅರ್ಥ.

ಇಂತಹ ಪರೀಕ್ಷೆಗಳು ಅತಿ ಜಾಗರೂಕತೆಯೆಂದು ಯಾರಾದರೂ ಭಾವಿಸಿದರೆ ನಾರ್ವೆಯ ಸ್ಲೈಪ್ನರ್ ವೇದಿಕೆಯ ಕಥೆಯನ್ನು ನೆನೆಯಬೇಕು. ಕಡಲಿನಲ್ಲಿ ಅನಿಲ ತೆಗೆಯುವುದಕ್ಕಾಗಿ ಕಟ್ಟಿದ್ದ ಅದರ ಕಾಂಕ್ರೀಟಿನ ಬೃಹತ್ ಬುಡವು 1991ರ ಆಗಸ್ಟ್ 23ರಂದು ಸ್ಟಾವಾಂಗರ್ ಬಳಿಯ ಕೊಲ್ಲಿಯಲ್ಲಿ ಪರೀಕ್ಷೆಗಾಗಿ ಮುಳುಗಿಸುತ್ತಿದ್ದಾಗ ಬಿರಿದು ತಳ ಸೇರಿತು. ಗಣಕದಲ್ಲಿ ಬರೆದಿದ್ದ ಜಾಲ ಒರಟಾಗಿದ್ದುದರಿಂದ ಗೋಡೆಗಳನ್ನು ಕತ್ತರಿಸುವ ಪೀಡನವು ನಿಜವಾದುದಕ್ಕಿಂತ ಶೇಕಡಾ 47ರಷ್ಟು ಕಡಿಮೆಯಾಗಿ ಕಂಡಿತ್ತು. ಅಪಘಾತದ ಅನಂತರ ಹೆಚ್ಚು ಎಚ್ಚರಿಕೆಯಿಂದ ಮಾಡಿದ ಲೆಕ್ಕವು 62 ಮೀಟರ್ ಆಳದಲ್ಲಿ ಗೋಡೆ ಒಡೆಯುವುದೆಂದು ತಿಳಿಸಿತು. ಅದು ನಿಜವಾಗಿ ಒಡೆದುದು 65 ಮೀಟರಿನಲ್ಲಿ. ಸುದೈವದಿಂದ ಪ್ರಾಣಹಾನಿಯಾಗಲಿಲ್ಲ. ಯಂತ್ರ ಕೂಡಿಕೆ ಕಳೆಯುವಿಕೆಗಳಲ್ಲಿ ತಪ್ಪಿರಲಿಲ್ಲ. ಅದಕ್ಕೆ ಒಪ್ಪಿಸಿದ ಚಿತ್ರ ನಿಜವಾದ ಕಟ್ಟಡದ ಚಿತ್ರವಾಗಿರಲಿಲ್ಲ.

ಟೇ ಸೇತುವೆಯ ಕಾಲದಲ್ಲಿ ಗಾಳಿಯನ್ನು ಎಣಿಸುವ ಕ್ರಮವೇ ನೆಲೆಗೊಂಡಿರಲಿಲ್ಲ. ಇಂದು ಕ್ರಮವಿದೆ, ಯಂತ್ರವೂ ಇದೆ. ಆದರೂ ಎಷ್ಟು ಉತ್ತರ ಬರಬೇಕೆಂಬ ಸ್ಥೂಲವಾದ ಅಂದಾಜು ಮೊದಲೇ ಮನಸ್ಸಿನಲ್ಲಿರುವವನು ಮಾತ್ರ ಯಂತ್ರದ ಉತ್ತರವನ್ನು ಓದಬಲ್ಲನು.

ಅಭ್ಯಾಸ

1. ಇದೇ ಶೆಡ್ಡು ಚೆನ್ನೈಯಲ್ಲಿದ್ದರೆ ಉದ್ದಗೋಡೆಗಳ ಮೇಲಿನ ಗಾಳಿಯ ಮೊತ್ತವೆಷ್ಟು? (ಉತ್ತರ: ಸುಮಾರು 121.5 ಕಿಲೋನ್ಯೂಟನ್.)

2. ದುಂಡಾದ ಉಕ್ಕಿನ ಕೊಳವೆಯನ್ನು ಕಂಬವಾಗಿ ನಿಲ್ಲಿಸಿದರೆ ಈ ಲೇಖನದಲ್ಲಿ ಹೇಳಿದ ತಪ್ಪುಗಳಲ್ಲಿ ಯಾವುದು ಉಂಟಾಗುವುದಿಲ್ಲ? ಏಕೆ?

3. ನಾಲ್ಕು ಗೋಡೆ, ನೆಲ ಮತ್ತು ಚಾವಣಿಗಳಿಂದ ಪೂರ್ಣವಾಗಿ ಮುಚ್ಚಿದ ಪೆಟ್ಟಿಗೆಯೊಂದರ ಎಲ್ಲ ಮುಖಗಳ ಮೇಲೂ ಒಂದೇ ಒತ್ತಡವನ್ನು ಹೇರಿದರೆ ಆಸರೆಗಳ ಪ್ರತಿಕ್ರಿಯೆಯ ಮೊತ್ತ ಎಷ್ಟಾಗಬೇಕು? ಜಾಲದ ಅಭಿಲಂಬಗಳನ್ನು ಪರೀಕ್ಷಿಸಲು ಇದನ್ನು ಹೇಗೆ ಬಳಸಿಕೊಳ್ಳಬಹುದೆಂದು ಯೋಚಿಸಿರಿ.